ಒಂಟಿಕಾಲಿನ ಪಾಠ

ತಾತಾ ಹೆನಾರೊ ಸಾಯುವ ದಿನ ಊರಿನ ಗಂಡಸರೆಲ್ಲ ಅಳುತ್ತಾರೆ, ಅಳುತ್ತಲೇ ಬಗ್ಗಿ ಮೊಣಕಾಲಿನ ಕೆಳಗೆ ಒಮ್ಮೆ ಸವರಿಕೊಳ್ಳುತ್ತಾರೆ. ಅವನ ಕೋಲಿನ ಏಟು ಅಲ್ಲಿ ಬೀಳದ ಗಂಡಸು ಸಾಂತಾ ಬ್ರಿಗಿದಾದಲ್ಲಿ ಒಬ್ಬನೂ ಇಲ್ಲ. ಸಾಯುವ ಲಕ್ಷಣವೇನೂ ಸದ್ಯಕ್ಕೆ ಕಾಣುತ್ತಿಲ್ಲ. ಗಟ್ಟಿ ಜೀವ. ಅಷ್ಟು ಬೇಗ ಬಿಡುಗಡೆ ಸಿಗಬಾರದು ಎಂದು ನನಗೂ ಅನ್ನಿಸುತ್ತದೆ.

ನಮ್ಮಲ್ಲಿ ವಯಸ್ಸಾದ ಗಂಡಸರನ್ನೆಲ್ಲ ತಾತಾ ಎಂದೇ ಕರೆಯುವುದು, ನೆಂಟಸ್ತಿಕೆ ಬೇಕಾಗಿಲ್ಲ. ಹೆಂಗಸರಾದರೆ ನಾನಾ. ನನ್ನನ್ನೂ ಹಸಿಂತಾ ನಾನಾ ಅನ್ನುತ್ತಾರೆ, ಎದುರಿಗೆ. ಬೆನ್ನ ಹಿಂದೆ ಏನನ್ನುತ್ತಾರೆಂದು ಇಲ್ಲಿ ಬರೆಯಲು ನನಗೆ ಇಷ್ಟವಿಲ್ಲ. ಹೆನಾರೊನ ಮನೆಗೂ ನನ್ನ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಅವನ ಮಗಳು ರುಫೀನಾಳ ಮಗುವನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡವಳು ನಾನು. ಅಂದಿನಿಂದ ನಾವಿಬ್ಬರೂ ಕೊಮಾದ್ರೆಗಳು, ಒಂದೇ ಮಗುವಿಗೆ ಇಬ್ಬರು ತಾಯಂದಿರು. ಒಡಹುಟ್ಟಿದವಳೊಡನೆ ಜಗಳವಾಡಬಹುದು, ಕೊಮಾದ್ರೆಯೊಡನೆ ಆಡುವಂತಿಲ್ಲ.

ಹೆನಾರೊ ಎರಡು ಕೆಲಸದಲ್ಲಿ ಹೆಸರು ಮಾಡಿದವನು. ಒಂದು, ಮಡಕೆ. ಅದು ಊರಿನ ಎಲ್ಲರ ಕೆಲಸ. ಇನ್ನೊಂದು, ಮುದುಕರ ಕುಣಿತ. ಹುಡುಗರು ನಗುವ ಮುದುಕನ ಮುಖವಾಡ ಹಾಕಿ, ಬೆನ್ನು ಬಗ್ಗಿಸಿ, ಊರುಗೋಲು ಹಿಡಿದು, ಈಗ ಬಿದ್ದರು ಆಗ ಬಿದ್ದರು ಎನ್ನುವಂತೆ ನಡುಗುತ್ತ ಬರುತ್ತಾರೆ. ಪಿಟೀಲು ಏರಿದ ಕೂಡಲೇ ಮರದ ಅಟ್ಟೆಯ ಆ ಪಾದಗಳು ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ಸಿಡಿಯತೊಡಗುತ್ತವೆ. ಇದನ್ನು ಕಲಿಸುವವನು ಹೆನಾರೊ. ಹುಡುಗರು ನೆಟ್ಟಗೆ ನಡೆಯಲು ಕಲಿಯುವ ಮೊದಲೇ ಅವನ ಕೈಗೆ ಬೀಳುತ್ತಿದ್ದರು. ತಪ್ಪಿದರೆ ಕೋಲು, ಸರಿಯಾದರೆ ಮೌನ. ಹೊಗಳಿದರೆ ಕಾಲು ಭಾರವಾಗುತ್ತದೆ ಎಂಬುದು ಅವನ ಸಿದ್ಧಾಂತ. ಹೆಂಡತಿಯನ್ನೂ ಹಾಗೇ ಬಾಳಿಸಿದ. ಅವಳು ಸತ್ತಾಗಲೂ ಒಂದು ಒಳ್ಳೆಯ ಮಾತು ಅವನ ಬಾಯಿಂದ ಹೊರಡಲಿಲ್ಲ.

ಗಂಡ ಬಿಟ್ಟ ಮೇಲೆ ರುಫೀನಾ ಕೂಸನ್ನು ಕಟ್ಟಿಕೊಂಡು ಅಪ್ಪನ ಮನೆಗೆ ಬಂದಳು. ಮಡಕೆಗೆ ಹೊಳಪು ಕೊಡುವ ಕೆಲಸ ಅವಳ ಪಾಲಿಗೆ ಬಿತ್ತು. ಗ್ರೇತಾ ಎಂಬ ಹಳದಿ ಪುಡಿಯನ್ನು ನೀರಲ್ಲಿ ಕದಡಿ, ಮಡಕೆಯನ್ನು ಅದರಲ್ಲಿ ಅದ್ದಿ ತೆಗೆದು, ಆವಿಗೆಯಲ್ಲಿಟ್ಟು ಸುಟ್ಟರೆ ಕನ್ನಡಿಯಂಥ ಹೊಳಪು ಬರುತ್ತದೆ. ಮೆಕ್ಸಿಕೋ ನಗರದ ಸಂತೆಯಲ್ಲಿ ನಮ್ಮ ಮಡಕೆಗೆ ಜನ ಮುಗಿಬೀಳುವುದು ಆ ಹೊಳಪಿಗೆ. ಪುಡಿ ಸಾಕಷ್ಟು ಬಿದ್ದಿದೆಯೇ ಎಂದು ನೋಡಲು ಒಂದು ಹನಿಯನ್ನು ನಾಲಿಗೆಗೆ ಹಚ್ಚಬೇಕು. ಹದವಾಗಿದ್ದರೆ ತುಸು ಸಿಹಿ. ಮಕ್ಕಳ ನಾಲಿಗೆ ಚುರುಕು ಎಂದು ನಮ್ಮ ಊರಿನಲ್ಲಿ ಆ ಕೆಲಸ ಮಕ್ಕಳಿಗೆ. ಅವೂ ಖುಷಿಯಿಂದ ಮಾಡುತ್ತಿದ್ದವು, ಸಿಹಿಯಲ್ಲವೇ. ಆ ಪುಡಿ ಸೀಸ, ವಿಷ ಎಂದು ಯಾರಿಗೂ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಸೀಸ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ, ಅಷ್ಟೇ.

ರುಫೀನಾಳ ಆ ಕೂಸು, ಸೆನಾಯ್ದಾ, ಬೆಳೆದಳು. ಒಂಬತ್ತಾದರೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಸಮನೆಲದಲ್ಲಿ ಎಡವುತ್ತಿದ್ದಳು. ನಿನ್ನೆ ಕಲಿತ ಅಕ್ಷರ ಇವತ್ತಿಗೆ ಹೊಸದು. ಶಾಲೆಯ ಮೇಷ್ಟ್ರು ಅರ್ನುಲ್ಫೊ ಅವಳನ್ನು ಬಾಗಿಲ ಪಕ್ಕ ಕೂರಿಸಿ, "ನೀನು ಕೋಳಿ ಕಾಯಮ್ಮ, ಒಳಗೆ ಬರದ ಹಾಗೆ ನೋಡ್ಕೋ, ಅಷ್ಟು ಸಾಕು" ಎನ್ನುತ್ತಿದ್ದ. ತರಗತಿ ನಗುತ್ತಿತ್ತು. ಅವಳೂ ನಗುತ್ತಿದ್ದಳು, ಮತ್ತು ನಿಜಕ್ಕೂ ಕೋಳಿ ಕಾಯುತ್ತಿದ್ದಳು. ಮನೆಯಲ್ಲಿ ಹೆನಾರೊ ಅವಳನ್ನು ಕರೆಯುತ್ತಿದ್ದುದೇ ಮಣ್ಣುಮುದ್ದೆ ಎಂದು.

ಹೀಗಿರುವಾಗ ಮಕ್ಕಳ ಆರೋಗ್ಯ ಪರೀಕ್ಷೆಗೆಂದು ಮೊರೆಲಿಯಾ ನಗರದ ಕಡೆಯಿಂದ ಒಬ್ಬ ಡಾಕ್ಟರಮ್ಮ ಬಂದಳು. ಚಿಕ್ಕ ವಯಸ್ಸು, ನಿದ್ದೆಗೆಟ್ಟ ಕಣ್ಣು, ಒಳ್ಳೆಯ ಮನಸ್ಸು. ಮಕ್ಕಳು ಪರೀಕ್ಷೆಯ ದಿನ ಹೆದರಬಾರದು ಎಂದು ಮೊದಲೇ ಬಂದು, ಇಗರ್ಜಿಯ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿ, ಏನೇನು ಮಾಡಿಸುತ್ತಾಳೆಂದು ತಾನೇ ಮಾಡಿ ತೋರಿಸಿದಳು. ಕಣ್ಣು ಮುಚ್ಚಿ ಬೆರಳಿನಿಂದ ಮೂಗು ಮುಟ್ಟಿದಳು. ತೊಡೆಯ ಮೇಲೆ ಅಂಗೈ ಮಗುಚಿ ಮಗುಚಿ ಬೇಗ ಬೇಗ ತಟ್ಟಿದಳು. ಹೆಬ್ಬೆರಳಿಗೆ ಉಳಿದ ಬೆರಳುಗಳನ್ನು ಸಾಲಾಗಿ ತಾಗಿಸಿದಳು. ನೆಲದಲ್ಲಿ ಗೀಟು ಎಳೆದು ಅದರ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತ ನಡೆದಳು. ಕೊನೆಗೆ ಕಣ್ಣು ಮುಚ್ಚಿ ಒಂಟಿಕಾಲಿನ ಮೇಲೆ ನಿಂತಳು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಇದೆಲ್ಲ ಆಟ ಅಲ್ಲ," ಎಂದಳು ಅವಳೂ ನಗುತ್ತ. "ತಲೆಯೊಳಗೆ ನರಕ್ಕೆ ಪೆಟ್ಟಾಗಿದ್ರೆ ಮಕ್ಕಳು ಇಂಥದ್ರಲ್ಲಿ ತಡವರಿಸ್ತವೆ. ಓದೋದು ಬರೆಯೋದು ಯಾಕೆ ಹತ್ತಲ್ಲ ಅಂತ ಇದ್ರಿಂದ ಸುಳಿವು ಸಿಗುತ್ತೆ. ತಡವರಿಸಿದ ಮಕ್ಕಳ ರಕ್ತ ತಗೊಂಡು ಸೀಸ ಇದೆಯಾ ಅಂತ ನೋಡ್ತೀವಿ. ಇದ್ರೆ ಔಷಧಿ ಕೊಡ್ತೀವಿ, ಪಾಠಕ್ಕೆ ಬೇರೆ ಟೀಚರ್ ಬರ್ತಾರೆ."

"ಮತ್ತೆ ಆವಿಗೆ?" ಯಾರೋ ಹಿಂದಿನಿಂದ ಕೇಳಿದರು.

ಡಾಕ್ಟರಮ್ಮ ಸುಳ್ಳು ಹೇಳುವವಳಲ್ಲ. "ಆ ಮನೇಲಿ ಗ್ರೇತಾ ನಿಲ್ಲಿಸ್ಬೇಕಾಗುತ್ತೆ," ಎಂದಳು.

ಅಲ್ಲಿಗೆ ನಗು ನಿಂತಿತು. ಔಷಧಿಯ ಮಾತು, ಟೀಚರಿನ ಮಾತು ಯಾರ ಕಿವಿಗೂ ಹೋಗಲಿಲ್ಲ.

ಅವಳ ಗಾಡಿ ತಿರುವು ದಾಟುವ ಮೊದಲೇ ಊರಸಭೆ ಕೂಡಿತು. ಗಂಡಸರು ಬೆಂಚಿನ ಮೇಲೆ, ಹೆಂಗಸರು ಗೋಡೆಗೆ ಒರಗಿ. ಒಬ್ಬ ಅಂದ, ಮಕ್ಕಳನ್ನು ಬೆಟ್ಟಕ್ಕೆ ಕಳಿಸಿಬಿಡೋಣ. ಇನ್ನೊಬ್ಬ ಅಂದ, ದಾರಿಗೆ ಮರ ಕಡಿದು ಹಾಕೋಣ. ಆಗ ಹೆನಾರೊ ಎದ್ದು ನಿಂತ.

"ನಿಮ್ಗೆಲ್ಲ ನಡುಗೋದು ಕಲಿಸಿದೋನು ನಾನು," ಎಂದ. "ಬೀಳೋ ಹಾಗೆ ಮಾಡಿ ಬೀಳದೇ ಇರೋದನ್ನ ಕಲಿಸಿದೋನು ನಾನು. ನಡುಗದೇ ನಿಲ್ಲೋದನ್ನ ಕಲಿಸೋಕಾಗಲ್ವಾ? ಎಲ್ಲ ಮಕ್ಕಳನ್ನೂ ನನ್ನ ಕೈಗೆ ಕೊಡಿ. ಹೆಣ್ಣುಮಕ್ಕಳನ್ನೂ. ಆಯಮ್ಮ ಬರೋ ಹೊತ್ತಿಗೆ ಒಂದು ಮಗು ಅಲ್ಲಾಡಿದ್ರೆ ನನ್ನ ಹೆಸರು ಹೆನಾರೊ ಅಲ್ಲ."

ಜನ ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. "ಕಾಯಿಲೆ ಇದ್ರೆ ಗೊತ್ತಾಗ್ಲಿ ಬಿಡ್ರೋ! ಮಡಕೆ ಮುಚ್ಚಿಟ್ಟ ಹಾಗೆ ಮಕ್ಕಳನ್ನ ಮುಚ್ಚಿಡ್ತೀರಾ?" ಎಂದು ಗೋಡೆಬದಿಯಿಂದ ಕೂಗಿದೆ.

"ಮಕ್ಕಳಿಲ್ದೋಳಿಗೆ ಮಕ್ಕಳ ಚಿಂತೆ ಯಾಕೆ?" ಎಂದ ಹೆನಾರೊ, ನನ್ನ ಕಡೆ ತಿರುಗಿಯೂ ನೋಡದೆ. ಎಲ್ಲರೂ ನಕ್ಕರು. ರುಫೀನಾ ನನ್ನ ಕೈ ಹಿಡಿದು ಅದುಮಿದಳು. ಮೂವತ್ತು ದಾಟಿದರೂ ಅಪ್ಪನ ಎದುರಿಗೆ ಅವಳ ನಾಲಿಗೆ ಏಳುತ್ತಿರಲಿಲ್ಲ.

ಮರುದಿನದಿಂದ ಇಗರ್ಜಿಯ ಅಂಗಳದಲ್ಲಿ ಪಾಠ. ಪಿಟೀಲಿನವನನ್ನೂ ಕೂರಿಸಿದ. ತಾಳಕ್ಕೆ ಸರಿಯಾಗಿ ಅಂಗೈ ಮಗುಚು, ತಾಳಕ್ಕೆ ಬೆರಳು ತಾಗಿಸು, ತಾಳಕ್ಕೆ ಗೀಟಿನ ಮೇಲೆ ಹೆಜ್ಜೆ. ಒಪ್ಪಿಕೊಳ್ಳಬೇಕು, ಮುದುಕನಿಗೆ ವಿದ್ಯೆ ಗೊತ್ತಿತ್ತು. ಕುಣಿತ ಕಲಿತ ಹುಡುಗರಿಗೆ ಇದು ಲೆಕ್ಕಕ್ಕೇ ಇಲ್ಲ. ಉಳಿದವರೂ ನೋಡನೋಡುತ್ತ ಹಿಡಿದುಕೊಂಡರು. ಊರೆಲ್ಲ ಅದೇ ಹುಚ್ಚು. ಬೀದಿಯಲ್ಲಿ ಮಕ್ಕಳು ಒಬ್ಬರನ್ನೊಬ್ಬರು ತಳ್ಳಿ, "ಅಯ್ಯೋ, ಸೀಸದ ತಲೆ!" ಎಂದು ಕೂಗುವರು. ಒಬ್ಬಳಂತೂ ಮಗನಿಗೆ ಹೆಣ್ಣು ನೋಡಲು ಹೋದವಳು, "ಎಲ್ಲಿ, ಒಂಟಿಕಾಲಲ್ಲಿ ನಿಲ್ಲಮ್ಮ ನೋಡೋಣ" ಎಂದು ಹುಡುಗಿಯನ್ನು ಎಲ್ಲರ ಮುಂದೆ ನಿಲ್ಲಿಸಿದಳಂತೆ. ಆ ಮದುವೆ ಮುರಿಯಿತು.

ಎಲ್ಲರಿಗಿಂತ ಹಿಂದೆ ಉಳಿದವಳು ಸೆನಾಯ್ದಾ. ಕಾಲೆತ್ತಿದರೆ ಬಿದ್ದಳು, ಕಣ್ಣು ಮುಚ್ಚಿದರೆ ಬಿದ್ದಳು. ಊರಿನ ಮುಂದೆ ಪ್ರತಿಜ್ಞೆ ಮಾಡಿದವನ ಸ್ವಂತ ಮೊಮ್ಮಗಳೇ ಹೀಗೆ. ಪಿಟೀಲಿನವನು ಬಾಯಿ ಮುಚ್ಚಿ ನಗುತ್ತಿದ್ದ. ಹೆನಾರೊ ಕೋಲಿನಿಂದ ಹೊಡೆದ. ಹೊಡೆದರೆ ಅವಳು ಇನ್ನಷ್ಟು ಬೀಳುತ್ತಿದ್ದಳು. ಒಂದು ಸಂಜೆ ಅವನು ಬೇಲಿಯಿಂದ ಪಾಪಾಸುಕಳ್ಳಿಯ ಹಾಳೆಗಳನ್ನು ಕತ್ತರಿಸಿ ತಂದ. ಮುಳ್ಳು ಸವರಿರಲಿಲ್ಲ. ಅವನ್ನು ಅವಳ ಸುತ್ತ ವೃತ್ತವಾಗಿ ಹರಡಿ, ನಡುವೆ ಬರಿಗಾಲಲ್ಲಿ ನಿಲ್ಲಿಸಿದ.

"ಈಗ ಬೀಳು ನೋಡೋಣ, ಮಣ್ಣುಮುದ್ದೆ," ಎಂದ.

ಬಿದ್ದಳು. ಆ ಸಂಜೆ ನನ್ನ ಮನೆಯಲ್ಲಿ ನಾನೂ ರುಫೀನಾಳೂ ಸೇರಿ ಅವಳ ಅಂಗೈಯಿಂದ, ಮೊಣಕಾಲಿನಿಂದ ಮುಳ್ಳು ಕಿತ್ತೆವು. ಸಣ್ಣ ಮುಳ್ಳು, ಕಣ್ಣಿಗೆ ಕಾಣುವುದಿಲ್ಲ, ಬೆರಳಾಡಿಸಿ ಹುಡುಕಬೇಕು. ಮಗು ಅಳಲಿಲ್ಲ. "ನಾಳೆ ಬೀಳಲ್ಲ," ಎಂದಿತು. ಗೋಡೆಯ ಆಚೆ ಹೆನಾರೊ ನಿಶ್ಚಿಂತೆಯಿಂದ ತೋರ್ತಿಯಾ ರೊಟ್ಟಿ ಮುರಿದು ಬೀನ್ಸಿನಲ್ಲಿ ಅದ್ದಿ ತಿನ್ನುತ್ತಿದ್ದ. ಆ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳಲಿ ಎಂದು ನಾನು ಮನಸಾರೆ ಶಪಿಸಿದೆ.

ನಾಳೆಯೂ ಬಿದ್ದಳು, ನಾಡಿದ್ದೂ ಬಿದ್ದಳು. ಆಮೇಲೆ ಬೀಳುವುದು ಕಡಿಮೆಯಾಯಿತು. ಮೈಗೆ ಮುಳ್ಳಿನ ಭಾಷೆ ಅರ್ಥವಾಗುತ್ತದೆ, ತಲೆಗೆ ಅಕ್ಷರ ಹತ್ತದಿದ್ದರೂ. ಒಂದು ದಿನ ಪಿಟೀಲಿನ ಹಾಡು ಮೊದಲಿನಿಂದ ಕೊನೆಯವರೆಗೆ ಮುಗಿಯಿತು, ಸೆನಾಯ್ದಾ ಕಣ್ಣು ಮುಚ್ಚಿ ಒಂಟಿಕಾಲಿನ ಮೇಲೆ ಅಲ್ಲಾಡದೆ ನಿಂತಿದ್ದಳು. ಹೆನಾರೊ ಹತ್ತಿರ ಹೋಗಿ, ಜೀವಮಾನದಲ್ಲಿ ಮಾಡದ್ದನ್ನು ಮಾಡಿದ. ಅವಳ ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ, "ನೋಡ್ಕೊಳ್ರಿ. ಇವಳು ನನ್ನ ಮೊಮ್ಮಗಳು," ಎಂದ.

ಸೆನಾಯ್ದಾ ಮನೆಗೆ ಓಡಿ ಬಂದು ಆ ಮಾತನ್ನು ತಾಯಿಗೆ ಹೇಳಿದಳು. ನನ್ನ ಮನೆಗೆ ಬಂದು ನನಗೆ ಹೇಳಿದಳು. ಕೋಳಿಗಳಿಗೂ ಹೇಳಿದಳು. ಅವಳ ಮುಖ ನೋಡಿ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ರುಫೀನಾ ಮಗಳಿಗೆ ಜಡೆ ಹಾಕುತ್ತ ಕೂತಿದ್ದಳು. ಅಪ್ಪ ಹೊರಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು ಬಾಯಿಬಿಟ್ಟಳು.

"ಕಂದಾ, ಇವತ್ತು ಬಿದ್ಬಿಡು."

ಮಗು ತಿರುಗಿ ನೋಡಿತು. "ಯಾಕಮ್ಮಾ?"

"ಬಿದ್ರೆ ಔಷಧಿ ಕೊಡ್ತಾರೆ. ಓದೋಕೆ ಬರುತ್ತೆ ಆಮೇಲೆ. ಒಂದ್ಸಲ ಬೀಳು, ಸಾಕು. ಡಾಕ್ಟ್ರಮ್ಮನ ಮುಂದೆ."

"ಬಿದ್ರೆ ತಾತಾ ಹೊಡೀತಾನೆ."

"ನಾನು ಅಡ್ಡ ನಿಲ್ತೀನಿ."

"ನೀನು ಯಾವತ್ತೂ ನಿಂತಿಲ್ಲ," ಎಂದಿತು ಮಗು. ದೂರಿನ ದನಿಯಲ್ಲ, ಇದ್ದದ್ದನ್ನು ಹೇಳುವ ದನಿ. "ಬಿದ್ರೆ ಎಲ್ರೂ ನಗ್ತಾರಮ್ಮಾ."

ನಾನು ಬಾಗಿಲಲ್ಲಿ ನಿಂತಿದ್ದೆ. "ಕೇಳೇ, ನಿನ್ನಮ್ಮ ಹೇಳಿದ ಹಾಗೆ ಮಾಡೇ, ನಿನ್ನ ಕಾಲಿಗೆ ಬೀಳ್ತೀನಿ," ಎಂದೆ. ಅವಳು ಹೂಂ ಎಂದಳು. ಅವಳು ಎಲ್ಲದಕ್ಕೂ ಹೂಂ ಎನ್ನುವವಳು.

ಶಾಲೆಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಹೋದರು. ಹೆನಾರೊ ಕಿಟಕಿಯ ಹೊರಗೆ ಕೋಲೂರಿ ನಿಂತಿದ್ದ, ನಾವು ಇನ್ನೊಂದು ಕಿಟಕಿಯಲ್ಲಿ. ಸೆನಾಯ್ದಾಳ ಸರದಿ ಬಂತು. ಮೂಗು ಮುಟ್ಟಿದಳು. ಅಂಗೈ ಮಗುಚಿದಳು, ಬೆರಳು ತಾಗಿಸಿದಳು, ಗೀಟಿನ ಮೇಲೆ ನಡೆದಳು. ಆಮೇಲೆ ಕಾಲೆತ್ತಿದಳು. ರುಫೀನಾ ನನ್ನ ತೋಳನ್ನು ಗೀರುತ್ತ, "ಬೀಳು, ಬೀಳು, ಬೀಳು," ಎಂದು ಉಸಿರಿನಲ್ಲೇ ಹೇಳುತ್ತಿದ್ದಳು. ಮಗು ನಮ್ಮ ಕಿಟಕಿ ನೋಡಿತು, ತಾತನ ಕಿಟಕಿ ನೋಡಿತು, ಕಣ್ಣು ಮುಚ್ಚಿತು, ನಿಂತಿತು.

"ಭೇಷ್!" ಎಂದಳು ಡಾಕ್ಟರಮ್ಮ. "ಇಷ್ಟು ಚೆನ್ನಾಗಿ ಯಾರೂ ನಿಂತಿಲ್ಲ."

ಹೊರಗೆ ಬಂದ ಸೆನಾಯ್ದಾ ತಾಯಿಯ ಸೊಂಟ ತಬ್ಬಿ, "ನಾನು ಬೀಳಲಿಲ್ಲ ಕಣಮ್ಮಾ!" ಎಂದಳು. ಪಾಪದ್ದು, ಬೆಳಗಿನ ಮಾತು ಆಗಲೇ ಮರೆತಿತ್ತೋ, ನೆನಪಿದ್ದೂ ಬೀಳಲಾಗಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಇಡೀ ಊರಿನಲ್ಲಿ ತಡವರಿಸಿದ ಮಗು ಒಂದೇ, ಮೇಷ್ಟ್ರು ಅರ್ನುಲ್ಫೊನ ಮಗ. ನಮ್ಮಂಥವರ ಮಕ್ಕಳ ಜೊತೆ ಅಂಗಳದಲ್ಲಿ ಕುಣಿಯಲು ಅವನನ್ನು ಕಳಿಸಿರಲಿಲ್ಲ. ಆ ಹುಡುಗ ಹುಟ್ಟಿದ ಮೇಲೆ ಮಣ್ಣು ಮುಟ್ಟಿದವನಲ್ಲ, ಕಾಲು ಸ್ವಲ್ಪ ಸೊಟ್ಟ, ಅಷ್ಟೇ. ಅವನ ರಕ್ತ ತೆಗೆದುಕೊಂಡು ಹೋದರು. ಅದರಲ್ಲಿ ಸೀಸವೇ ಇರಲಿಲ್ಲ. ಊರು ಒಂದು ವಾರ ನಕ್ಕಿತು, ಹೆನಾರೊನಿಗೆ ಕುಡಿಸಿತು, ಹೆಗಲ ಮೇಲೆ ಹೊತ್ತು ಮೆರೆಸಿತು. ಔಷಧಿಯ ಪೆಟ್ಟಿಗೆಗಳು ಗುಡ್ಡದ ಆಚೆಯ ಊರಿಗೆ ಹೋದವು, ಹೊಸ ಟೀಚರೂ ಅಲ್ಲಿಗೇ ಹೋದರು.

ನಕ್ಕದ್ದಕ್ಕೆ ಮೇಷ್ಟ್ರು ಸೇಡು ತೀರಿಸಿಕೊಂಡ. ಅದೂ ಯಾರ ಮೇಲೆ ನೋಡಿ. ಮೊದಲಾದರೆ ಸೆನಾಯ್ದಾ ಕೋಳಿ ಕಾಯುತ್ತಿದ್ದಳು, ಯಾರೂ ಏನೂ ಕೇಳುತ್ತಿರಲಿಲ್ಲ. ಈಗ ಅವಳನ್ನು ಹಲಗೆಯ ಮುಂದೆ ನಿಲ್ಲಿಸಿ ಓದು ಎನ್ನುತ್ತಿದ್ದ. ಓದಲು ಬರದಿದ್ದರೆ ಸುಡುವ ಅಂಗಳದಲ್ಲಿ ಮಂಡಿಯೂರಿಸುತ್ತಿದ್ದ. ರುಫೀನಾ ಹೋಗಿ ಕೈಮುಗಿದಳು.

"ಅದಕ್ಕೆ ತಲೆಗೆ ಹತ್ತಲ್ಲ ಮೇಷ್ಟ್ರೇ, ಬಿಟ್ಬಿಡಿ."

"ತಲೆಗೇನಾಗಿದೆ?" ಎಂದ ಮೇಷ್ಟ್ರು. "ಡಾಕ್ಟರೇ ಎಲ್ಲ ಚೆನ್ನಾಗಿದೆ ಅಂದಿದ್ದಾರಲ್ಲ, ಊರಿಗೇ ಮೊದಲು ಅಂತ! ನರ ಸರಿಯಾಗಿದೆ ಅಂದ್ಮೇಲೆ ಉಳಿದದ್ದು ಸೋಮಾರಿತನ. ಸೋಮಾರಿಗಳಿಗೆ ನನ್ನ ಶಾಲೇಲಿ ಜಾಗ ಇಲ್ಲ."

ಆ ವರ್ಷದ ಕೊನೆಗೆ ಅವಳನ್ನು ಶಾಲೆಯಿಂದ ತೆಗೆದುಹಾಕಿದ. "ಆದ್ರೆ ನಾನು ಪಾಸಾಗಿದ್ದೆ ಅಲ್ವಾ?" ಎಂದು ಅವಳು ನನ್ನನ್ನು ಕೇಳಿದಳು. ನಾನು ಅವಳ ಕೈಗೆ ಒಂದು ಸಿಹಿ ರೊಟ್ಟಿ ಕೊಟ್ಟು ಒಳಗೆ ಹೋದೆ.

ಶಾಲೆ ತಪ್ಪಿದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಗ್ರೇತಾದ ತೊಟ್ಟಿಯೇ ಅವಳ ಜಾಗ. ಮೊಣಕೈವರೆಗೆ ಅದ್ದುವುದು, ಎತ್ತುವುದು, ನಾಲಿಗೆಗೆ ಹಚ್ಚಿ ನೋಡುವುದು. ಕೆಲಸಕ್ಕೆ ಇನ್ನೊಂದು ಜೊತೆ ಕೈ ಸಿಕ್ಕಿತೆಂದು ಹೆನಾರೊ ಮೊದಮೊದಲು ಹಿಗ್ಗಿದ. ಆಮೇಲೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಮಾತಿನ ನಡುವೆ ಮಾತು ಕಳೆದುಹೋಗತೊಡಗಿತು. ಒಂದು ಮಧ್ಯಾಹ್ನ ಅವನಿಗೆ ಊಟ ತಂದವಳು ತಟ್ಟೆ ಹಿಡಿದುಕೊಂಡು ಅವನನ್ನೇ ನೋಡುತ್ತ ನಿಂತಳು.

"ಏನೇ?" ಎಂದ.

"ಇದು ಯಾರಿಗೆ ಅಂತ ಅಮ್ಮ ಹೇಳಿದ್ಲು," ಎಂದಳು ಅವಳು. "ಯಾರಿಗೆ?"

ಹೆನಾರೊ ಆ ದಿನ ಊಟ ಮಾಡಲಿಲ್ಲ. ಗೋಡೆಯ ಆಚೆ ಅವನು ಓಡಾಡುವ ಸದ್ದು ಕೇಳುತ್ತಲೇ ಇತ್ತು. ಮರುದಿನ ನನ್ನ ಬಾಗಿಲಿಗೆ ಬಂದ. ಅಷ್ಟು ವರ್ಷದಲ್ಲಿ ಅದೇ ಮೊದಲು. "ಹಸಿಂತಾ, ಆ ಡಾಕ್ಟ್ರಮ್ಮ ಕೂರೋ ಜಾಗ ನಿನಗೆ ಗೊತ್ತಲ್ಲ. ಬಾ," ಎಂದ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಹಿಂದೆ ಮಗಳ ಕೈ ಹಿಡಿದು ನಿಂತಿದ್ದ ರುಫೀನಾಳ ಮುಖ ನೋಡಿ ನುಂಗಿಕೊಂಡು ಹೊರಟೆ.

ತಾಲ್ಲೂಕು ಊರಿನ ಆರೋಗ್ಯ ಕೇಂದ್ರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಡಾಕ್ಟರಮ್ಮ ಇನ್ನಷ್ಟು ಸೊರಗಿದ್ದಳು. ನಮ್ಮ ಊರಿನ ಹೆಸರು ಕೇಳಿ ಅವಳ ಮುಖ ಅರಳಿತು. "ಸಾಂತಾ ಬ್ರಿಗಿದಾ! ನನ್ನ ಗಟ್ಟಿ ಮಕ್ಕಳ ಊರು," ಎಂದಳು.

"ಇದಕ್ಕೆ ಯಾವಾಗ್ಲೂ ಹೊಟ್ಟೆನೋವು. ಇದರ ರಕ್ತ ತಗೊಳ್ಳಿ ತಾಯಿ," ಎಂದ ಹೆನಾರೊ.

"ಸುಮ್ಮನೆ ತಗೊಳ್ಳೋಕಾಗಲ್ಲ ಅಜ್ಜಾ. ರಕ್ತ ರಾಜಧಾನಿಗೆ ಹೋಗ್ಬೇಕು, ರಕ್ತ ತುಂಬೋ ಬಾಟ್ಲಿ ಇರೋದೇ ಕಮ್ಮಿ. ಲಕ್ಷಣ ಇರೋ ಮಕ್ಕಳಿಗೇ ಸಾಲ್ತಿಲ್ಲ. ಇವಳಿಗೆ ಒಂದೂ ಇರ್ಲಿಲ್ಲ, ನನಗೆ ಚೆನ್ನಾಗಿ ನೆನಪಿದೆ. ಹೊಟ್ಟೆನೋವಿಗೆ ಹುಳುವಿನ ಮಾತ್ರೆ ಬರ್ಕೊಡ್ತೀನಿ."

ಆಗ ಅವನು ಟೋಪಿ ತೆಗೆದ. ಅಷ್ಟು ಜನರ ಎದುರಿಗೆ ಎಲ್ಲವನ್ನೂ ಹೇಳಿದ. ಸಭೆ, ಪಿಟೀಲು, ಕೋಲು. ಕಳ್ಳಿಯ ಮಾತನ್ನೂ ಬಿಡದೆ ಹೇಳಿದ. "ಅದು ಮಗು ನಿಂತದ್ದಲ್ಲ ತಾಯಿ. ನಾನು ನಿಲ್ಲಿಸಿದ್ದು."

ಡಾಕ್ಟರಮ್ಮ ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಆದರೆ ನ್ಯಾಯವಂತೆ. "ಆಯ್ತು, ಈಗ್ಲೇ ಇನ್ನೊಂದ್ಸಲ ನೋಡೋಣ. ಇವತ್ತು ತಡವರಿಸಿದ್ರೆ ಇವತ್ತೇ ತಗೋತೀನಿ," ಎಂದಳು. ರುಫೀನಾ ಶಿಲುಬೆಯ ಗುರುತು ಮಾಡಿಕೊಂಡಳು.

ಸೆನಾಯ್ದಾ ನಡುವೆ ಬಂದು ನಿಂತಳು. ತೆಳ್ಳಗಾಗಿದ್ದಳು, ತುಟಿ ಬಿಳಿಚಿತ್ತು. ಆದರೆ ಡಾಕ್ಟರಮ್ಮ ಬೆರಳೆತ್ತಿದ ಕೂಡಲೇ ಅವಳ ಬೆನ್ನು ನೆಟ್ಟಗಾಯಿತು. ಮೂಗು, ಅಂಗೈ, ಬೆರಳು, ಗೀಟು. ಒಂದೂ ತಪ್ಪಲಿಲ್ಲ. ಊಟ ಯಾರಿಗೆಂಬುದನ್ನು ಮರೆಯುವ ಆ ಹುಡುಗಿಗೆ ಇದು ಮಾತ್ರ ಮರೆತಿರಲಿಲ್ಲ. ಕಾಲೆತ್ತಿ, ಕಣ್ಣು ಮುಚ್ಚಿ ನಿಂತಳು.

"ಬೀಳು ಮಗಳೇ," ಎಂದ ಹೆನಾರೊ ಮೆಲ್ಲಗೆ. ಅವಳು ನಿಂತೇ ಇದ್ದಳು.

"ಸೆನಾಯ್ದಾ, ಬೀಳೇ. ತಾತಾ ಹೇಳ್ತಿದೀನಿ. ಹೊಡೆಯಲ್ಲ." ಅವನ ದನಿ ಕೇಳಿದ್ದೇ ಅವಳು ಹಲ್ಲು ಕಚ್ಚಿ, ಇನ್ನೂ ಬಿಗಿಯಾಗಿ ನಿಂತಳು. ಆ ದನಿಗೆ ಬಿದ್ದರೆ ಏನಾಗುತ್ತದೆಂದು ಅವಳ ಕಾಲಿಗೆ ಗೊತ್ತಿತ್ತು.

"ಬೀಳೇ!" ಅವನು ಕಿರುಚಿದ. "ಬೀಳೇ, ನನ್ನವ್ವಾ, ಬಿದ್ದು ಸಾಯೇ!"

"ಅಜ್ಜಾ!" ಡಾಕ್ಟರಮ್ಮ ಎದ್ದಳು. "ಚೆನ್ನಾಗಿ ನಿಂತಿರೋ ಮಗೂಗೆ ಹೀಗಾ ಬಯ್ಯೋದು? ಸಾಕು ಮಾಡಿ."

ಹೆನಾರೊ ನುಗ್ಗಿ ಹೋಗಿ ಎರಡೂ ಕೈಯಿಂದ ಅವಳನ್ನು ತಳ್ಳಿದ. ಸೆನಾಯ್ದಾ ಎತ್ತಿದ ಕಾಲನ್ನು ಕೆಳಗಿಡದೆ, ಒಂದೇ ಕಾಲಿನಲ್ಲಿ ಗೋಡೆಯವರೆಗೆ ಕುಪ್ಪಳಿಸಿದಳು. ಅಲ್ಲಿ ಸರಿಯಾಗಿ ನಿಂತುಕೊಂಡು ಕಣ್ಣು ಬಿಟ್ಟು, ಯಾರಾದರೂ ಭೇಷ್ ಎನ್ನಲಿ ಎಂದು ಎಲ್ಲರ ಮುಖವನ್ನೂ ನೋಡಿದಳು.

ಡಾಕ್ಟರಮ್ಮ ಹುಳುವಿನ ಮಾತ್ರೆಯ ಚೀಟಿಯನ್ನು ರುಫೀನಾಳ ಕೈಗೆ ಕೊಟ್ಟು, ಮುಂದಿನ ಮಗುವನ್ನು ಕರೆದಳು.